ಯಾರಿಗೂ ಹೇಳದ ಬ್ರೌಸರೂ ನನ್ನ ಎಡಗಿವಿಯೂ

'ನಾನು ಯಾರಿಗೂ ಹೇಳಲ್ಲ' ಎಂದು ಕೇಳದೆಯೇ ಮಾತು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಹೇಳದವನು ಸುಮ್ಮನೆ ಹೇಳದೇ ಇರುತ್ತಾನೆ. ಅದನ್ನು ಡಂಗುರ ಹೊಡೆಯುವ ಅಗತ್ಯವೇನು? ತುಪ್ಪದ ಡಬ್ಬಿಯ ಮೇಲೆ 'ಶುದ್ಧ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ, ಯಾಕೆ ಬರೆದರು ಎಂದು ಯೋಚಿಸುತ್ತಾ ಅಂಗಡಿಯಲ್ಲೇ ನಿಂತುಬಿಡುವ ಪೈಕಿ ನಾನು. ಬಸ್ಸಿನಲ್ಲಿ ಪಕ್ಕದವನು 'ಬ್ಯಾಗು ನೋಡ್ಕೊಳ್ತೀನಿ, ಹೋಗಿ ಟೀ ಕುಡಿದು ಬನ್ನಿ' ಅಂದರೆ ಟೀ ಕುಡಿಯುವುದನ್ನೇ ಬಿಡುತ್ತೇನೆ. ಇಂಥವನ ಕೈಗೆ 'ನಿಮ್ಮ ಬಗ್ಗೆ ನಾವು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ' ಎಂದು ಆಣೆ ಮಾಡುವ ಬ್ರೌಸರೊಂದು ಸಿಕ್ಕಿದರೆ ಏನಾಗಬೇಡ!

ಅದು ನನ್ನ ಕೈಗೆ ಬರಲು ಕಾರಣ ನನ್ನ ಎಡಗಿವಿ. ಚನ್ನಗಿರಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಈಚೆಗೆ ಕೆಲವು ವರ್ಷಗಳಿಂದ ಎಡಗಿವಿ ನಿಧಾನವಾಗಿ ಬಾಗಿಲು ಹಾಕಿಕೊಂಡಿತ್ತು. ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ಪ್ರತಿ ವರ್ಷ ಹೊನ್ನಾಳಿಯಲ್ಲಿ ನಡೆಯುವ ಶಾಲಾಮಕ್ಕಳ ಭಾವಗೀತೆ ಸ್ಪರ್ಧೆಗೆ ನಾನೇ ತೀರ್ಪುಗಾರ. ಸಂಬಳವೂ ಕೊಡದ ಸಂತೋಷವನ್ನು ಆ ಕುರ್ಚಿ ನನಗೆ ಕೊಡುತ್ತದೆ. ಅಂಗಿಗೆ ಸಿಕ್ಕಿಸುವ ರಿಬ್ಬನ್ ಹೂವನ್ನು ಮರುದಿನವೂ ತೆಗೆಯಲು ಮನಸ್ಸಾಗುವುದಿಲ್ಲ. ನನ್ನ ಬಲಗಿವಿ ಗಟ್ಟಿಯಾಗಿದೆ. ಅದನ್ನು ವೇದಿಕೆಯ ಕಡೆ ಮಾಡಿಕೊಂಡು ಕೂತರೆ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ. ಆದರೆ ಇದನ್ನು ಊರವರಿಗೆ ಬಿಡಿಸಿ ಹೇಳಲಾಗುತ್ತದೆಯೇ? 'ಕಿವುಡು ಮೇಷ್ಟ್ರು ಹಾಡಿಗೆ ಅಂಕ ಹಾಕ್ತಾರಂತೆ' ಎಂಬ ಸುದ್ದಿ ಬಸ್ಸಿಗಿಂತ ಮೊದಲು ಜಗಳೂರು ಮುಟ್ಟುತ್ತದೆ, ಕುರ್ಚಿ ಹೋಗುತ್ತದೆ.

ಆದ್ದರಿಂದ ಗುಟ್ಟಾಗಿ ಒಂದು ಕಿವಿ ಮಿಷನ್ನು ಹುಡುಕಬೇಕಿತ್ತು. ಹುಡುಕುವುದು ಎಲ್ಲಿ? ಫೋನು ಹೆಸರಿಗೆ ನನ್ನದು. ಸಂಜೆಯಾದರೆ ನನ್ನ ಹೆಂಡತಿ ಶೈಲಾಳದು. ಹಿಂದೊಮ್ಮೆ ಮಂಡಿನೋವಿನ ಎಣ್ಣೆ ಯಾವುದು ಒಳ್ಳೆಯದು ಎಂದು ಅದರಲ್ಲಿ ಕೇಳಿದ್ದೆ, ಅಷ್ಟೇ. ಆಮೇಲೆ ಅವಳು ನೋಡುವ ಪ್ರತಿ ಪಲ್ಯದ ವಿಡಿಯೋದ ನಡುವೆಯೂ ಜಾಹೀರಾತಿನ ಮುದುಕನೊಬ್ಬ ಮಂಡಿ ಹಿಡಿದುಕೊಂಡು ನರಳತೊಡಗಿದ. ಶೈಲಾ ಮುದುಕನನ್ನು ನೋಡಿದಳು, ನನ್ನನ್ನು ನೋಡಿದಳು, ನ್ಯಾಮತಿಯ ತವರಿಗೆ ಫೋನು ಮಾಡಿದಳು. ಮುಂದಿನ ಹಬ್ಬಕ್ಕೆ ಹೋದಾಗ ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತರೆ ನಮ್ಮತ್ತೆ ನನಗೊಬ್ಬನಿಗೆ ಕುರ್ಚಿ ಹಾಕಿಸಿದ್ದರು.

ನಮ್ಮ ಕಂಪ್ಯೂಟರ್ ಮೇಷ್ಟ್ರು ಹಾಲೇಶನ ಹತ್ತಿರ ಸುತ್ತಿಬಳಸಿ ವಿಷಯ ತೆಗೆದೆ. ಆತ ನನ್ನ ಫೋನು ಇಸಿದುಕೊಂಡು ಹೊಸ ಬ್ರೌಸರೊಂದನ್ನು ಹಾಕಿಯೇಬಿಟ್ಟ.

'ಇದರಾಗೆ ಏನು ಹುಡುಕಿದ್ರೂ ಯಾರೂ ಬೆನ್ನು ಹತ್ತಲ್ಲ ಸರ್. ಇದು ಯಾರಿಗೂ ಹೇಳಲ್ಲ.'

ಯಾರಿಗೂ ಹೇಳಲ್ಲ! ನನ್ನ ಒಳ್ಳೆಯ ಕಿವಿ ನೆಟ್ಟಗಾಯಿತು. 'ದುಡ್ಡೆಷ್ಟು?'

'ಪುಕ್ಕಟೆ.'

'ಮತ್ತೆ ಇದನ್ನ ಮಾಡಿದೋರು ಹೊಟ್ಟೆಗೆ ಏನು ತಿಂತಾರೆ?'

'ಹೆಣ್ಣು ಕೊಡಾಕೆ ಹೊಂಟಂಗೆ ವಿಚಾರಿಸ್ತೀರಲ್ಲ ಸರ್! ಅವರೂ ಜಾಹೀರಾತು ತೋರಿಸ್ತಾರೆ, ಆದ್ರೆ ನೀವು ಯಾರು ಏನು ಅಂತ ಕೆದಕಲ್ಲ. ಅದಿರ್ಲಿ, ನಿಮಗೆ ಮುಚ್ಚಿಡಾಕೆ ಏನೈತೆ?'

'ಏನೂ ಇಲ್ಲಪ್ಪ.'

'ಹಂಗಾದ್ರೆ ಇದು ಯಾಕೆ ಬೇಕು?' ಎಂದು ನಕ್ಕು ಹಾಲೇಶ ಕ್ಲಾಸಿಗೆ ಹೋದ.

ಹೆಣ್ಣು ಕೊಡುವ ಮಾತನ್ನು ಅವನು ತಮಾಷೆಗೆ ಅಂದರೂ ಅದು ನಿಜ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆಯಲ್ಲಿ ವಿಚಾರಿಸುವುದಿಲ್ಲ. ಅವನ ಮನೆಯ ಎದುರಿನ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸುತ್ತೇವೆ. ರಾಗಿ ಬೀಸಿಸುವ ನೆಪದಲ್ಲಿ ನಿಂತರೆ ಹುಡುಗನ ಕೋಪ, ಕುಡಿತ, ಅಜ್ಜಿಯ ಬಾಯಿ ಎಲ್ಲವೂ ನುಣ್ಣಗೆ ಬೀಸಿಕೊಂಡು ಕೈಗೆ ಬರುತ್ತವೆ. ಈ ಬ್ರೌಸರಿನ ಮನೆ ಯಾವ ದೇಶದಲ್ಲಿದೆಯೋ, ಅದರ ಎದುರಿನ ಗಿರಣಿ ಎಲ್ಲಿದೆಯೋ! ಅದರ ಗುಣಗಾನ ಮಾಡುತ್ತಿದ್ದುದು ಅದರದ್ದೇ ಪುಟ. ಹುಡುಗನ ಅಪ್ಪನೇ ಹುಡುಗನಿಗೆ ಕೊಟ್ಟ ಸರ್ಟಿಫಿಕೇಟು.

ಚಿಕ್ಕಂದಿನಲ್ಲಿ ತಾತನ ಜೊತೆ ಜಗಳೂರು ಕಡೆಯ ದನದ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ರೇಟನ್ನು ಬಾಯಲ್ಲಿ ಹೇಳುವಂತಿಲ್ಲ. ದಲ್ಲಾಳಿ ಕೈ ಮೇಲೆ ಟವೆಲ್ಲು ಹೊದಿಸಿ, ಅದರೊಳಗೆ ತಾತನ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದಷ್ಟೇ ಕಾಣುತ್ತಿತ್ತು. ಎಂಥ ಗುಟ್ಟು ಎಂದು ನಾನು ಬೆರಗಾಗುತ್ತಿದ್ದೆ. ಈಗ ಅನ್ನಿಸುತ್ತದೆ: ಟವೆಲ್ಲು ಮುಚ್ಚಿದ್ದು ಸಂತೆಯವರ ಕಣ್ಣಿಗೆ. ದಲ್ಲಾಳಿಯ ಕೈ ಒಳಗೇ ಇತ್ತಲ್ಲ! ಶೈಲಾಳ ಕಣ್ಣಿಗೆ ಈ ಬ್ರೌಸರ್ ಟವೆಲ್ಲು ಹೊದಿಸುತ್ತದೆ, ಸರಿ. ಆದರೆ ಒಳಗೆ ನನ್ನ ಬೆರಳು ಹಿಡಿದಿರುವವರು ಯಾರು?

ಹಾಗಾಗಿ ಪರೀಕ್ಷೆ ಮಾಡಲು ತೀರ್ಮಾನಿಸಿದೆ. ನನಗೆ ಸಂಬಂಧವೇ ಇಲ್ಲದ ಟ್ರ್ಯಾಕ್ಟರ್ ಟೈರಿನ ಬಗ್ಗೆ ಅದರಲ್ಲಿ ಭಕ್ತಿಯಿಂದ ಹುಡುಕಿದೆ. ಟೈರು ಬೆನ್ನು ಹತ್ತುತ್ತದೋ ನೋಡೋಣ ಎಂದು ಕಾದೆ. ಹತ್ತಲಿಲ್ಲ. ಇದರಿಂದ ನೆಮ್ಮದಿಯಾಗುವ ಬದಲು ಹೆದರಿಕೆಯಾಯಿತು. ಎಷ್ಟು ಚೆನ್ನಾಗಿ ಮುಚ್ಚಿಟ್ಟಿದೆ! ಅಷ್ಟರಲ್ಲಿ ತ್ಯಾವಣಿಗೆಗೆ ಮದುವೆಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರಿನ ಗೋಡೆಯ ತುಂಬಾ ಟ್ರ್ಯಾಕ್ಟರ್ ಟೈರು! ಸಿಕ್ಕಿಬಿತ್ತು ಎಂದು ಸಂತೋಷದಿಂದ ಹಾಲೇಶನಿಗೆ ಅಲ್ಲಿಂದಲೇ ಫೋನು ಮಾಡಿದೆ. 'ಸರ್, ಆ ಗೋಡೆ ನಾನು ಹುಟ್ಟಿದಾಗಿಂದ ಹಂಗೇ ಐತೆ' ಎಂದ.

ಕೊನೆಗೆ ಕಣ್ಣು ಮುಚ್ಚಿ ಅದರಲ್ಲೇ ಕಿವಿ ಮಿಷನ್ನು ಹುಡುಕಿದೆ. ದಾವಣಗೆರೆಯ ಒಂದು ಅಂಗಡಿ ಸಿಕ್ಕಿತು. ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ, ಕಿವಿಯ ಹಿಂದೆ ಹುರುಳಿಕಾಳಿನಂತೆ ಕೂರುವ ಮಿಷನ್ನು ಹಾಕಿಸಿಕೊಂಡೆ. ಕೌಂಟರಿನ ಹುಡುಗಿ 'ಫೋನ್ ನಂಬರ್ ಹೇಳಿ ಸರ್' ಎಂದಾಗ ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದೆ. ಹೊಸ ಮಿಷನ್ನಿನಲ್ಲಿ ನನ್ನ ದನಿ ಹೇಗೆ ಕೇಳುತ್ತದೆ ಎಂದು ನೋಡುವ ಆಸೆ. ಸಂಜೆ ಶೈಲಾ ಪಲ್ಯದ ವಿಡಿಯೋ ನೋಡುವಾಗ ಅಂಗಡಿಯಿಂದ ಮೆಸೇಜು ಬಂತು: ತಮ್ಮ ಎಡಗಿವಿ ಈಗ ಹೇಗಿದೆ?

'ಅಂತೂ ಹಾಕಿಸ್ಕಂಡ್ರಾ?' ಎಂದಳು ಶೈಲಾ. 'ಕೂಗಿ ಕೂಗಿ ನನ್ನ ಗಂಟಲು ಹರಿದು ಹೋಗಿತ್ತು ಕಣ್ರೀ.'

'ನಿನಗೆ ಗೊತ್ತಿತ್ತಾ?'

'ಎಡಗಡೆ ನಿಂತು ದುಡ್ಡು ಕೇಳಿದ್ರೂ ಹೂಂ ಅಂತಿದ್ರಿ. ಇನ್ನೆಂಗೆ ಗೊತ್ತಾಗಬೇಕು?'

ಹೊನ್ನಾಳಿಯವರಿಗೆ ಹೇಳಬೇಡ ಎಂದು ಅವಳಿಂದ ಮಾತು ಪಡೆದೆ. 'ನಾನು ಯಾರಿಗೂ ಹೇಳಲ್ಲ' ಎಂದಳು. ನನಗೆ ತುಪ್ಪದ ಡಬ್ಬಿ ನೆನಪಾಯಿತು.

ಸ್ಪರ್ಧೆಯ ದಿನ ಕೂದಲನ್ನು ಕಿವಿಯ ಮೇಲೆ ಬಾಚಿಕೊಂಡು ಹೋದೆ. ಕಮಿಟಿಯ ಕಾರ್ಯದರ್ಶಿ ರುದ್ರಪ್ಪನವರು ಅಂಗಿಗೆ ಹೂವು ಸಿಕ್ಕಿಸುತ್ತಾ ಹೇಳಿದರು: 'ಈ ಸಲ ಬ್ಯಾರೆಯೋರನ್ನ ಕರೆಸಾಣ ಅಂದ್ರು ಮೇಷ್ಟ್ರೇ, ನಾನೇ ಬ್ಯಾಡ ಅಂದೆ. ಉಳಿದ ತೀರ್ಪುಗಾರರ ಹತ್ರ ಹುಡುಗರ ಅಪ್ಪಂದಿರು ಹೋಗಿ ಪಿಸುಗುಟ್ಟಿದ್ರೆ ಅಂಕ ಏರ್ತಾವೆ. ನಿಮ್ಮ ಹತ್ರಾನೂ ಬರ್ತಾರೆ. ನೀವು ಎಲ್ಲಾರಿಗೂ ತಲೆಯಾಡಿಸಿ ನಗ್ತೀರಿ. ಅಂಕ ಮಾತ್ರ ಅಲುಗಾಡಲ್ಲ, ಒಬ್ರ ಮಾತು ಇನ್ನೊಬ್ರಿಗೆ ಹೋಗಲ್ಲ. ಇಂಥ ನಂಬಿಗಸ್ತರು ಎಲ್ಲಿ ಸಿಗ್ತಾರೆ ಹೇಳ್ರಿ!'

ಬಲಗಿವಿ ವೇದಿಕೆಗಿದ್ದುದರಿಂದ ಎಡಗಿವಿ ಇದ್ದುದು ಪಾಲಕರ ಕಡೆಗೆ. ಹೌದು, ಪ್ರತಿ ವರ್ಷ ಯಾರೋ ಬಂದು ಬಗ್ಗುತ್ತಿದ್ದರು. ನೀರು ಬೇಕಾ ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನು ತಲೆಯಾಡಿಸುತ್ತಿದ್ದೆ. ನೀರು ಯಾಕೆ ಬರುತ್ತಿರಲಿಲ್ಲ ಎಂಬುದು ಈಗ ತಿಳಿಯಿತು. ತಾಲೂಕಿನ ಶಿಫಾರಸುಗಳೆಲ್ಲ ಆ ಮುಚ್ಚಿದ ಬಾಗಿಲಿಗೆ ಬಂದು ವಾಪಸು ಹೋಗಿದ್ದವು. ಏನನ್ನೂ ನೆನಪಿಟ್ಟುಕೊಳ್ಳದವನನ್ನು ನಾನು ಎಲ್ಲೆಲ್ಲೋ ಹುಡುಕಿದ್ದೆ; ಅವನು ಇಲ್ಲೇ ರಿಬ್ಬನ್ ಹೂವು ಸಿಕ್ಕಿಸಿಕೊಂಡು ಕೂತಿದ್ದ.

ಮಿಷನ್ನು ತೆಗೆದು ಜೇಬಿಗೆ ಹಾಕೋಣ ಎನ್ನುವಷ್ಟರಲ್ಲಿ ಎಡಗಡೆಯಿಂದ ಒಬ್ಬರು ಬಗ್ಗಿದರು. 'ಮೇಷ್ಟ್ರೇ, ಹಸಿರು ಲಂಗದ್ದು ನಮ್ಮ ಹುಡುಗಿ. ನಿನ್ನೆಯಿಂದ ಗಂಟಲು ಕೆಟ್ಟೈತೆ. ಸೋತ್ರೆ ಊಟ ಬಿಡ್ತಾಳೆ, ಸ್ವಲ್ಪ ನೋಡ್ಕಳ್ರಿ.' ಒಂದೊಂದು ಅಕ್ಷರವೂ ಗಂಟೆ ಹೊಡೆದಂತೆ ಕೇಳಿಸಿತು. 'ಸ್ವಾಮಿ, ನನಗೀಗ ಕೇಳಿಸುತ್ತದೆ' ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಕುರ್ಚಿ? ತಲೆಯಾಡಿಸಿ ನಕ್ಕೆ. ಅವರು ನೆಮ್ಮದಿಯಿಂದ ಹೋದರು.

ಹಸಿರು ಲಂಗದ ಹುಡುಗಿ ಹಾಡಿದಳು. ತೋಚಿದ ಅಂಕ ಹಾಕಿದೆ. ಅಪ್ಪನ ಮಾತಿಗೆ ಕರಗಿ ಜಾಸ್ತಿ ಹಾಕಿದೆನೇನೋ ಎಂದು ಅನುಮಾನ ಬಂದು ಕಡಿಮೆ ಮಾಡಿದೆ. ಕರಗಬಾರದೆಂಬ ಹಟಕ್ಕೆ ಅನ್ಯಾಯ ಮಾಡಿದೆನೇನೋ ಎಂದು ಮತ್ತೆ ಏರಿಸಿದೆ. ಕೊನೆಗೆ ಉಳಿದದ್ದು ಹಾಡಿನ ಅಂಕವೋ ಅಪ್ಪನ ಅಂಕವೋ, ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಎರಡನೇ ಬಹುಮಾನ ಬಂತು. ರುದ್ರಪ್ಪನವರು 'ನೀವಿದ್ರೆ ಧೈರ್ಯ ಮೇಷ್ಟ್ರೇ' ಎಂದು ನನ್ನ ಎಡಗಿವಿಯಲ್ಲೇ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಬ್ರೌಸರ್ ತೆರೆದೆ. 'ನಿಮ್ಮ ಬಗ್ಗೆ ನಾವು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ' ಎಂದು ಎಂದಿನಂತೆ ಅದು ಹೇಳಿತು. ಪಾಪ, ಅದೂ ಶುರುವಿನಲ್ಲಿ ನಿಜವಾಗಿ ಕಿವುಡಾಗಿಯೇ ಇದ್ದಿರಬಹುದು. ಯಾವತ್ತು ಯಾರು ಬಂದು ಕಿವಿಯ ಹಿಂದೆ ಹುರುಳಿಕಾಳು ಕೂರಿಸಿ ಹೋದರೋ, ಆಮೇಲೆ ಹೇಳಿಕೊಳ್ಳಲು ಅದಕ್ಕೆ ಎಷ್ಟು ಸಂಕೋಚವೋ!

ನಾನು ತಲೆಯಾಡಿಸಿ ನಕ್ಕೆ.