ಚಹಾ ಕುಡಿಯದ ಸಾಕ್ಷಿ

ಆ ದಿನದ ಅನಾಹುತಕ್ಕೆಲ್ಲ ಮೂಲ ಅಮೀರಬಿಯ ಚಹಾ.

ಮುರಗೋಡದಲ್ಲಿ ಒಂದು ಮನೆಯ ಚಹಾ ಕುಡಿದವರು ಆ ಮನೆಯವರ ಮುಖ ನೋಡಿ 'ಇಲ್ಲ' ಎನ್ನುವುದಿಲ್ಲ. ಸಾಜಿದ್ ಓದಿದ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ.

ಸಾಜಿದ್ ಧಾರವಾಡದಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ನೋಟವನ್ನು ನೋಡಿಕೊಳ್ಳುವ ಮಿದುಳಿನ ಭಾಗ ಇರುವುದು ತಲೆಯ ಹಿಂದೆ. ಅಲ್ಲಿ ಅಯಸ್ಕಾಂತದ ಸುರುಳಿಯೊಂದನ್ನು ಹಿಡಿದು ಗುಂಡಿ ಒತ್ತಿದರೆ 'ಟಕ್' ಎನ್ನುತ್ತದೆ. ಕಣ್ಣು ಮುಚ್ಚಿದವರಿಗೂ ಒಂದು ಮಿಂಚು ಕಾಣುತ್ತದೆ. ನಡುನಡುವೆ ಯಂತ್ರ ಬರೀ ಸದ್ದು ಮಾಡಿ ಸುಮ್ಮನಾಗುತ್ತದೆ, ಬೆಳಕು ಕೊಡುವುದಿಲ್ಲ. ಯಾವ ಟಕ್ ನಿಜದ್ದು, ಯಾವುದು ಸುಳ್ಳಿನದು ಎಂಬುದು ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು. ಕುರ್ಚಿಯಲ್ಲಿ ಕೂತವರು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ ಎಂದರೆ ಕೆಲಸ ಮುಗಿಯಿತು. ಇಷ್ಟು ಸರಳವಾದ ಕೆಲಸದಲ್ಲಿ ಅವನ ಐದಾರು ವರ್ಷ ಕರಗಿದ್ದವು, ಜೊತೆಗೆ ಅರ್ಧ ತಲೆಗೂದಲು.

"ಪಟ್ಟಣದ ಹುಡುಗ್ರು ಓದಿಕೊಂಡು ಬಂದು ಊಹೆ ಮಾಡಿ ಹೇಳ್ತಾರ. ಹಳ್ಳಿಗೆ ಹೋಗು," ಎಂದಿದ್ದರು ಗೈಡ್ ಮೇಡಂ. "ಒಬ್ಬರಾದರೂ ಸರಿಯಾಗಿ ಹೇಳಿದರ ಮಷಿನ್ ಇನ್ನೊಂದು ತಿಂಗಳು ನಿನ್ನ ಹತ್ರನ ಇರಲಿ. ಸಿಗಲಿಲ್ಲಂದ್ರ ಮರುದಿನ ಮುಂಜಾನಿ ಬಸ್ಸಿಗೆ ವಾಪಸ್. ಬ್ಯಾರೆ ಊರವರು ಕಾಯಲಿಕ್ಕತ್ತಾರ."

ಮಷಿನ್ ಹೋದರೆ ಡಾಕ್ಟರೇಟೂ ಅದರ ಬೆನ್ನಿಗೇ ಹೋದಂತೆ. ಹಾಗಾಗಿ ಸಾಜಿದ್ ಮುರಗೋಡದ ಖಾಲಾ, ಎಂದರೆ ತಾಯಿಯ ತಂಗಿ ಅಮೀರಬಿಯ ಮನೆಗೆ ಬಂದು, ನಡುಮನೆಯ ಕಿಟಕಿಗೆ ಕಂಬಳಿ ಹಾಕಿ ಕತ್ತಲು ಮಾಡಿಕೊಂಡು ಕೂತ. ಕಣ್ಣಿನ ಪರೀಕ್ಷೆಗೆಂದು ಅಕ್ಷರಗಳ ಹಾಳೆಯೊಂದನ್ನು ಗೋಡೆಗೆ ತೂಗುಹಾಕಿದ.

ಮೊದಲು ಬಂದವನು ಎಸ್‌ಟಿಡಿ ಬೂತಿನ ಮುದಕಪ್ಪ. ಹೊರಗೆ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು ಕುರ್ಚಿಗೆ ಬಂದ.

ಟಕ್.

"ಕಂಡ್ತು!"

ಟಕ್.

"ಕಂಡ್ತು! ಭಾಳ ಚಂದ ಕಂಡ್ತು!"

ಸುಳ್ಳಿನ ಟಕ್ಕಿಗೂ ಕಂಡಿತು, ನಿಜದ ಟಕ್ಕಿಗೂ ಕಂಡಿತು. ಸಾಜಿದ್ ಸುರುಳಿ ಕೆಳಗಿಟ್ಟ. "ಮುದಕಪ್ಪ ಕಾಕಾ, ಕಾಣದಿದ್ದರ ಕಾಣಲಿಲ್ಲ ಅನ್ರಿ. ಏನೂ ತಪ್ಪಿಲ್ಲ."

"ಛೇ ಛೇ, ಹಂಗ್ಯಾಕ ಅನ್ನೂಣು? ನಿಮ್ಮನಿ ಚಹಾ ಇನ್ನೂ ಗಂಟಲದಾಗ ಐತಿ."

ಅಮೀರಬಿ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನಕ್ಕಳು. ಬೆಳಿಗ್ಗೆಯೇ ಓಣಿಯ ಮನೆಮನೆಗೂ ಹೋಗಿ, ನಮ್ಮ ಹುಡುಗ ದೊಡ್ಡ ಡಾಕ್ಟರ್ ಆಗುವವನಿದ್ದಾನೆ, ಎಲ್ಲರೂ ಬಂದು ಬೆಳಕು ಕಾಣಬೇಕು ಎಂದು ಪಂಚಾಯತಿ ಚುನಾವಣೆಗೆ ನಿಂತವರಂತೆ ಕೈಮುಗಿದು ಬಂದಿದ್ದಳು. ಅದು ಸಾಜಿದನಿಗೆ ತಿಳಿಯುವ ಹೊತ್ತಿಗೆ ಇಂದ್ರವ್ವ ಕುರ್ಚಿ ಏರಿದ್ದಳು. ಆಕೆಗೆ ತನ್ನ ಮದುವೆಯ ಮೆರವಣಿಗೆಯ ಪೆಟ್ರೋಮ್ಯಾಕ್ಸ್ ಕಂಡಿತು, ಅದನ್ನು ಹೊತ್ತವನೂ ಕಂಡ. ಇದನ್ನು ಕೇಳಿಸಿಕೊಂಡ ಪರಸಪ್ಪ ಹಿಂದೆ ಬೀಳುವ ಆಸಾಮಿಯಲ್ಲ.

"ಕಂಡ್ತು!"

"ನಾ ಇನ್ನೂ ಗುಂಡಿ ಒತ್ತಿಲ್ಲರಿ," ಎಂದ ಸಾಜಿದ್.

"ನನಗ ಒಂದೀಟು ಮೊದಲ ಕಾಣತೈತ್ರಿ," ಎಂದ ಪರಸಪ್ಪ ಸಂಕೋಚದಿಂದ.

ಸಾಜಿದ್ ಹೊರಗೆ ಬಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಕೈಮುಗಿದ. "ಎಲ್ಲಾರೂ ಕೇಳ್ರಿ. ಇಲ್ಲ ಅನ್ರಿ. ಇಲ್ಲ ಅಂದ್ರ ನನಗ ಭಾಳ ಸಂತೋಷ ಆಗತೈತಿ."

"ಅಷ್ಟ ಹೌದಲ್ಲೋ! ಮೊದಲ ಹೇಳಬಾರದ?" ಎಂದಳು ಇಂದ್ರವ್ವ.

ಅಲ್ಲಿಂದ ಮುಂದೆ ಬಂದವರೆಲ್ಲ ಇಲ್ಲ ಎಂದರು. ಮೈ ಬೆಚ್ಚಿ ಬೀಳುವಂಥ ಮಿಂಚು ಹೊಡೆದಾಗಲೂ ಕುರ್ಚಿಯ ಕೈ ಬಿಗಿಹಿಡಿದು, ಹಲ್ಲುಕಚ್ಚಿ, "ಏನೂ ಇಲ್ರಿ, ಖರೇನ ಇಲ್ಲ," ಎಂದರು. ದುಂಡಪ್ಪನಂತೂ ಕುರ್ಚಿ ಹತ್ತುವ ಮೊದಲೇ ಇಲ್ಲ ಎಂದು, ಎರಡನೇ ಕಪ್ಪು ಕುಡಿದು, ಮನೆಗೆ ಹೋದ.

ಮಧ್ಯಾಹ್ನ ಕರೆಂಟು ಹೋಯಿತು. ಮಷಿನ್ ಸತ್ತ ಎಮ್ಮೆಯಂತೆ ಬಿದ್ದುಕೊಂಡಿತು. ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದ ನಿಜಗುಣಪ್ಪನಿಗೆ ಅದು ಗೊತ್ತಾಗಲಿಲ್ಲ. ಗೊತ್ತು ಮಾಡುವ ಕಸುವು ಸಾಜಿದನಿಗೆ ಉಳಿದಿರಲಿಲ್ಲ. ಗೋಡೆಗೆ ಒರಗಿ ಅವನೂ ಕಣ್ಣು ಮುಚ್ಚಿದ. ಆ ನಿಶ್ಶಬ್ದದಲ್ಲಿ ನಿಜಗುಣಪ್ಪ ಆಗಾಗ ಸಮಾಧಾನದ ದನಿಯಲ್ಲಿ, "ಹಾಂ, ಕಂಡ್ತು... ಇದ ಇಲ್ಲ... ಇದ ಕಂಡ್ತು," ಎಂದು ಎರಡೂ ಪಕ್ಷಕ್ಕೆ ಬೇಸರವಾಗದಂತೆ ಹೇಳುತ್ತ ಹೋದ.

ಸಂಜೆ ಕರೆಂಟು ಬಂದಾಗ ಅಮೀರಬಿಯ ಹಾಲು ತೀರಿತ್ತು. ಜನವೂ ತೀರಿತು. ಗೋಡೆಯ ಅಕ್ಷರದ ಹಾಳೆ ಎಂದೋ ಅಡುಗೆಮನೆ ಸೇರಿ ಅವಲಕ್ಕಿ ಚೂಡಾದ ತಟ್ಟೆಗೆ ಮುಚ್ಚಳವಾಗಿತ್ತು. ಸಾಜಿದ್ ವೈರು ಸುತ್ತುತ್ತಿರುವಾಗ ಹೊಸ್ತಿಲ ಹೊರಗೆ ಕೋಲಿನ ಸದ್ದಾಯಿತು.

"ನಾ ದಾವಲಸಾಬ. ಹಿಂದಿನ ಓಣ್ಯಾವ. ನಾನೂ ಕುಂಡ್ರಲೇನ್?"

ಕಪ್ಪು ಕನ್ನಡಕದ ಮುದುಕ. ಆ ವರ್ಷ ಕಣ್ಣಿನ ಶಿಬಿರದ ದೆಸೆಯಿಂದ ಊರಿನ ಅರ್ಧ ಮುದುಕರು ಕಪ್ಪು ಕನ್ನಡಕದಲ್ಲೇ ತಿರುಗುತ್ತಿದ್ದರು. ಸಾಜಿದ್ ಕೈಹಿಡಿದು ಕೂರಿಸಿದ. ಅಡುಗೆಮನೆಗೆ ಹೋಗಿ ಹಾಳೆ ತರುವಷ್ಟು ತ್ರಾಣ ಅವನ ಕಾಲಿನಲ್ಲಿರಲಿಲ್ಲ.

"ಚಹಾ ಇಲ್ಲ, ಚಾಚಾ."

"ಬ್ಯಾಡ. ನಾ ಚಹಾಕ್ಕ ಬಂದಿಲ್ಲ."

ಟಕ್.

ದಾವಲಸಾಬ ಉಸಿರು ಹಿಡಿದ. ಆಮೇಲೆ ಮೆಲ್ಲಗೆ, "ಐತಿ," ಎಂದ.

ಟಕ್.

ಮುದುಕ ಕತ್ತು ಓರೆ ಮಾಡಿದ, ಕಿವಿಯ ಹತ್ತಿರ ಏನನ್ನೋ ಅಲುಗಾಡಿಸಿ ನೋಡುವವನಂತೆ. "ಇದು ಪೊಳ್ಳ."

"ಅಂದ್ರ?"

"ಶೇಂಗಾ ವ್ಯಾಪಾರ ಮಾಡಿದಾವ ನಾ. ಕಾಳಿಲ್ಲದ ಬುಡ್ಡಿಗೆ ಪೊಳ್ಳ ಅಂತೇವಿ. ಸಪ್ಪಳ ಐತಿ, ಒಳಗ ಏನೂ ಇಲ್ಲ."

ಸಾಜಿದ್ ಲ್ಯಾಪ್‌ಟಾಪ್ ನೋಡಿದ. ನಿದ್ದೆ ಹಾರಿಹೋಯಿತು. ಐತಿ, ಪೊಳ್ಳ, ಪೊಳ್ಳ, ಐತಿ. ಮುದುಕ ಒಂದರಲ್ಲೂ ತಪ್ಪಲಿಲ್ಲ. ಯಂತ್ರವೇ ಅವನನ್ನು ಕೇಳಿ ನಡೆಯುತ್ತಿರುವಂತಿತ್ತು. ಕೊನೆಗೆ ಸಾಜಿದ್ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಬೂತಿಗೆ ಓಡಿದ.

"ಸಿಕ್ಕರು, ಮೇಡಂ! ಒಂದೂ ತಪ್ಪಿಲ್ಲ!"

"ಶಾಬಾಸ್! ಮಷಿನ್ ಇಟಗೋ," ಎಂದರು ಮೇಡಂ ಆ ಕಡೆಯಿಂದ. "ವಯಸ್ಸು? ದೃಷ್ಟಿ ಎಷ್ಟದ? ಹಾಳಿ ಓದಿಸಿದೀ ಇಲ್ಲೋ?"

ಸಾಜಿದ್ ಫೋನಿನ ಬಾಯಿಯನ್ನು ಕೈಯಿಂದ ಮುಚ್ಚಿ ಮುದಕಪ್ಪನತ್ತ ತಿರುಗಿದ. "ಕಾಕಾ, ದಾವಲಸಾಬ್ ಚಾಚಾರ ಕಣ್ಣು ಹೆಂಗದಾವು?"

"ಫಸ್ಟ್ ಕ್ಲಾಸ್ ಅದಾವು," ಎಂದ ಮುದಕಪ್ಪ ತಡಮಾಡದೆ.

ಸಾಜಿದ್ ನಿಟ್ಟುಸಿರಿಟ್ಟು ಕೈ ತೆಗೆದ. ಅವನ ಮುಖ ಅರಳಿದ್ದನ್ನು ನೋಡಿ ಮುದಕಪ್ಪನಿಗೆ ಯಾಕೋ ಕಸಿವಿಸಿಯಾಯಿತು.

"ಅಂದ್ರ... ನಿಮಗ ಏನ್ ಬೇಕು ಅದನ್ನ ಬರಕೋರಿ. ಖರೇ ಬೇಕಂದ್ರ, ಸಕ್ಕರಿ ಬ್ಯಾನಿಯಿಂದ ಆತನ ಕಣ್ಣು ಹೋಗಿ ಭಾಳ ವರ್ಷಾತು. ಹಗಲು ರಾತ್ರಿ ಎರಡೂ ಒಂದ ಆತಗ."

"ಹಲೋ? ದೃಷ್ಟಿ?" ಎಂದಿತು ಫೋನು.

ಒಂದು ಸುಳ್ಳು ಸಾಕಿತ್ತು. ಇಡೀ ಊರು ಬೆಳಗಿನಿಂದ ಅವನಿಗೆ ಅದನ್ನೇ ಕಲಿಸಿಕೊಟ್ಟಿತ್ತು. ಆದರೆ ಸುಳ್ಳು ಹೇಳಿ ಅದನ್ನು ವರ್ಷಗಟ್ಟಲೆ ಸಾಕುವ ಯೋಚನೆಗೇ ಸಾಜಿದನಿಗೆ ಆಯಾಸವಾಯಿತು. "ಇಲ್ಲ, ಮೇಡಂ. ಅವರಿಗೆ ಕಣ್ಣಿಲ್ಲ."

ಆ ಕಡೆ ಮೇಡಂ ಪೆನ್ನು ಕೆಳಗಿಟ್ಟ ಸದ್ದಾಯಿತು. "ಕಣ್ಣು ನೆಟ್ಟಗಿದ್ದವರು ಮಾತ್ರ ಅಂತ ನಿಯಮ ಅದ, ಸಾಜಿದ್. ನಾಳೆ ಮಷಿನ್ ತಗೊಂಡು ಬಾ."

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸಾಜಿದ್ ಮಷಿನ್ ಪೆಟ್ಟಿಗೆಯ ಮೇಲೆ ಕೂತಿದ್ದ. ಹೊಟ್ಟೆಯಲ್ಲಿ ಅಮೀರಬಿಯ ಚಹಾ, ಕೈಯಲ್ಲಿ ಅವಳೇ ಕಟ್ಟಿದ ಬುತ್ತಿ. ಕೋಲಿನ ಸದ್ದು ಅವನ ಎದುರು ಬಂದು ನಿಂತಿತು.

"ಹೊಂಟೀಯಂತಲ್ಲೊ ತಮ್ಮಾ," ಎಂದ ದಾವಲಸಾಬ. "ಭಾಳ ವರ್ಷದ ಮ್ಯಾಲ ನಿನ್ನೆ ಬೆಳಕು ನೋಡಿದ್ನಿ. ರಾತ್ರಿ ನಿದ್ದಿ ಮಾಡಲಿಲ್ಲ, ಎಲ್ಲಿ ಮರತೀನೋ ಅಂತ. ಮತ್ತ ಯಾವಾಗ ತರತಿ ಅದನ್ನ?"

ಬಸ್ಸು ಬಂತು. ಕಂಡಕ್ಟರ್ ಪೆಟ್ಟಿಗೆಗೆ ಕೈ ಹಾಕಿದ. ಸಾಜಿದ್ ಮುದುಕನ ಕಪ್ಪು ಕನ್ನಡಕ ನೋಡಿದ. ಅದರಲ್ಲಿ ತನ್ನದೇ ಸೋತ ಮುಖ ಎರಡು ಸಲ ಕಂಡಿತು.

"ಮುಂದಿನ ತಿಂಗಳ ತರತೇನಿ, ಚಾಚಾ."

ದಾವಲಸಾಬ ಕತ್ತು ಓರೆ ಮಾಡಿ ಆ ಮಾತನ್ನು ತುಸು ಹೊತ್ತು ಕಿವಿಯಲ್ಲೇ ಹಿಡಿದುಕೊಂಡ.

"ಇದು ಪೊಳ್ಳ," ಎಂದು, ಕೋಲೂರುತ್ತ ಮನೆಯ ದಾರಿ ಹಿಡಿದ.