ಮಾವನ ಕಾರು, ಅತ್ತೆಯ ಕಲ್ಲು

ನನ್ನ ಸೋದರಮಾವನ ಪ್ರಕಾರ ಭೂಮಿಯಲ್ಲಿ ಎರಡೇ ಬಗೆ. ಒಂದು ಇಳಿಜಾರು, ಇನ್ನೊಂದು ನಾಲಾಯಕ್ಕು! ಬೇಲೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಹೀಗನ್ನುತ್ತಾರೆಂದರೆ ನೀವು ನಂಬಲಿಕ್ಕಿಲ್ಲ. ಅವರ ಕಾರನ್ನು ನೋಡಿದ್ದರೆ ನಂಬುತ್ತಿದ್ದಿರಿ. ಕೀ ತಿರುಗಿಸಿದರೆ ಅದು ‘ಟಕ್’ ಎಂದು ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಇಳಿಜಾರಿನಲ್ಲಿ ಉರುಳಲು ಬಿಟ್ಟು ಗೇರಿಗೆ ಹಾಕಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು.

ಹೀಗಾಗಿ ಮಾವ ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಬೇಡ ಎಂಬುದನ್ನು ರಸ್ತೆ ನೋಡಿ ತೀರ್ಮಾನಿಸುತ್ತಿದ್ದರು. ನನಗೆ ಹೆಣ್ಣು ನೋಡಲು ಅರಸೀಕೆರೆಗೆ ಹೋಗಿದ್ದೆವು. ಎರಡು ಪ್ಲೇಟು ಉಪ್ಪಿಟ್ಟು ಮುಗಿಸಿದ ಮಾವ ಹೊರಗೆ ಹೋಗಿ, ರಸ್ತೆಯನ್ನು ಆ ಕಡೆ ಈ ಕಡೆ ನೋಡಿ ಬಂದು, ನನ್ನನ್ನು ಪಕ್ಕಕ್ಕೆ ಕರೆದರು. “ಹುಡುಗಿ ಲಕ್ಷಣವಾಗಿದಾಳೆ ಕಣೋ. ಆದ್ರೆ ರಸ್ತೆ ಚಪ್ಪಟೆ.” ಕೊನೆಗೆ ನಾನು ಮದುವೆಯಾದದ್ದು ಬಿಕ್ಕೋಡಿನ ದಿಬ್ಬದ ಮೇಲಿನ ಮನೆಯ ಹುಡುಗಿಯನ್ನು. ಅವಳಿಗೆ ಇದರ ಹಿನ್ನೆಲೆ ಇನ್ನೂ ಗೊತ್ತಿಲ್ಲ. ದಯವಿಟ್ಟು ನೀವೂ ಹೇಳಬೇಡಿ!

ಇಳಿಜಾರಿನಲ್ಲಿ ನಿಂತ ಕಾರು ತಾನಾಗಿ ಉರುಳದಂತೆ ಮುಂದಿನ ಚಕ್ರಕ್ಕೆ ಒಂದು ಕಲ್ಲು. ಆ ಕಲ್ಲಿನ ಉಸ್ತುವಾರಿ ಅತ್ತೆಯದು. ಮಾವ ಸೀಟಿನಲ್ಲಿ ಕೂತು “ಕಲ್ಲು ತೆಗಿಯೇ” ಎನ್ನಬೇಕು, ಅತ್ತೆ ಬಗ್ಗಿ ಕಲ್ಲೆತ್ತಿ “ತೆಗ್ದೆ ಕಣ್ರೀ” ಎನ್ನಬೇಕು. ಕಾರು ಉರುಳಿ, ಎರಡು ಸಲ ಕೆಮ್ಮಿ, ಸ್ಟಾರ್ಟ್ ಆಗಿ, ಕೆಳಗಿನ ತಿರುವಿನಲ್ಲಿ ಗುರುಗುಟ್ಟುತ್ತ ನಿಲ್ಲುತ್ತಿತ್ತು. ಅತ್ತೆ ಒಂದು ಕಂಕುಳಲ್ಲಿ ವ್ಯಾನಿಟಿ ಬ್ಯಾಗು, ಇನ್ನೊಂದರಲ್ಲಿ ಕಲ್ಲು ಇಟ್ಟುಕೊಂಡು ನಡೆದು ಬಂದು ಹತ್ತುತ್ತಿದ್ದರು. ಹೋದಲ್ಲಿಯೂ ಕಲ್ಲು ಬೇಕಲ್ಲ! ಬೇಲೂರು, ಹಳೇಬೀಡಿಗೆ ದೇಶವೆಲ್ಲ ಕಲ್ಲು ನೋಡಲು ಬರುತ್ತದೆ. ರೇಷ್ಮೆ ಸೀರೆಯುಟ್ಟು ಕಲ್ಲು ಹೊತ್ತು ಮದುವೆಮನೆಗೆ ಹೋಗುತ್ತಿದ್ದವರು ನಮ್ಮತ್ತೆ ಒಬ್ಬರೇ. ನಾನು ತೆಗೆಯುತ್ತೇನೆಂದರೆ ಮಾವ ಒಪ್ಪುತ್ತಿರಲಿಲ್ಲ. ನನಗೆ ಟೈಮಿಂಗ್ ಸಾಲದಂತೆ. ಹಾಗಾಗಿ ನಾನೂ ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿರುತ್ತಿದ್ದೆ.

ರಿಪೇರಿ ಮಾಡಿಸಬಾರದಿತ್ತೆ ಎಂದು ಕೇಳುತ್ತೀರಿ. ರೋಗ ಪತ್ತೆ ಮಾಡುವ ಹಕ್ಕು ವಿಜ್ಞಾನದ ಮೇಷ್ಟ್ರನ್ನು ಬಿಟ್ಟು ಬೇರೆಯವರಿಗೆ ಉಂಟೆ? ಒಂದು ತಿಂಗಳು ಪ್ಲಗ್ಗಿನ ದೋಷ ಎನ್ನುವರು, ಮರುತಿಂಗಳು ಪೆಟ್ರೋಲಿನದು, ಚಳಿಗಾಲದಲ್ಲಿ ಯಗಚಿ ಹೊಳೆಯ ಕಡೆಯಿಂದ ಬೀಸುವ ಗಾಳಿಯದು! ಬ್ಯಾಟರಿ ಮೂರು ಸಲ ಬದಲಾಯಿತು. ಹಳೇಬೀಡಿನಲ್ಲಿ ಒಳ್ಳೇ ಮೆಕ್ಯಾನಿಕ್ ಇದ್ದ. ಆದರೆ ಅವನು ಮಾವನ ಶಿಷ್ಯ, ಅದೂ ವಿಜ್ಞಾನದಲ್ಲೇ ಫೇಲಾದ ಶಿಷ್ಯ. ಅವನ ಮುಂದೆ ಬಾನೆಟ್ ಎತ್ತುವುದೆಂದರೆ ಮಾವನಿಗೆ ಪ್ರಾಣಸಂಕಟ.

ಹೋದ ವರ್ಷ ಮಾದಿಹಳ್ಳಿಗೆ ನಾಮಕರಣಕ್ಕೆ ಹೊರಟಿದ್ದೆವು. ಕಲ್ಲು ತೆಗೆದದ್ದಾಯಿತು, ಕಾರು ಉರುಳಿ ಸ್ಟಾರ್ಟ್ ಆಯಿತು, ತಿರುವಿನಲ್ಲಿ ನಿಂತೆವು. ಅತ್ತೆ ಬರಲಿಲ್ಲ. ಮಾವ ಹಾರನ್ ಹೊಡೆದರು, ಆಗಲೂ ಬರಲಿಲ್ಲ. ನಾನು ತಿರುಗಿ ನೋಡಿದರೆ ಅತ್ತೆ ಮನೆ ಮುಂದೆ ರಸ್ತೆಯಲ್ಲೇ ಕೂತಿದ್ದಾರೆ, ಮಡಿಲಲ್ಲಿ ಕಲ್ಲು. ಬಗ್ಗಿದವರಿಗೆ ಏಳಲು ಆಗಿಲ್ಲ.

ಆಗ ಮಾವ ಒಂದು ಕೆಲಸ ಮಾಡಿದರು. ಓಡುತ್ತಿದ್ದ ಎಂಜಿನ್ ಆಫ್ ಮಾಡಿದರು. ಚಪ್ಪಟೆ ಜಾಗದಲ್ಲಿ! ಏದುಸಿರು ಬಿಡುತ್ತ ದಿಬ್ಬ ಹತ್ತಿ ಹೋಗಿ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನೂ ಹಿಂದೆಯೇ ಓಡಿ ಹೋದೆ.

“ಯಾವಾಗ್ಲಿಂದ ಮಂಡಿನೋವು?”

“ಮೂರು ವರ್ಷ ಆಯ್ತು.”

“ಹೇಳ್ಲೇ ಇಲ್ವಲ್ಲೇ.”

“ನೀವು ಕೇಳ್ಲಿಲ್ಲ.”

ದಿನಾ ಬೆಳಿಗ್ಗೆ ಕಾರಿಗೆ ಏನಾಗಿದೆ ಎಂದು ಗಂಟೆಗಟ್ಟಲೆ ಬಗ್ಗಿ ನೋಡುತ್ತಿದ್ದ ಮಾವ ಅತ್ತೆಯ ಮಡಿಲಿನ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿರುತ್ತಿದ್ದವನು ನಾನು. ಅಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಮಾರನೇ ದಿನವೇ ಮಾವ ಹಳೇಬೀಡಿನ ಶಿಷ್ಯನನ್ನು ಆ ತಿರುವಿಗೇ ಕರೆಸಿ, ಅವನ ಮುಂದೆ ಬಾನೆಟ್ ಎತ್ತಿದರು. ಅವನು ದಪ್ಪ ವೈರೊಂದನ್ನು ತಂದು ಒಂದು ತುದಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದು, ಕೀ ತಿರುಗಿಸಲು ಹೇಳಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್!

ಆಗಿದ್ದಿಷ್ಟು. ಬ್ಯಾಟರಿಯ ಒಂದು ವೈರನ್ನು ಕಾರಿನ ಕಬ್ಬಿಣದ ಮೈಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದಕ್ಕೆ ಅರ್ತ್, ಅಂದರೆ ಭೂಮಿ, ಎನ್ನುತ್ತಾರೆ. ಮಾವ ಪ್ರತಿ ಆಯುಧಪೂಜೆಗೂ ಆ ಬೋಲ್ಟ್ ಬಿಚ್ಚಿ, ಅದರಡಿಗೂ ಭಕ್ತಿಯಿಂದ ಬಣ್ಣ ಬಳಿದು, ಒಣಗಿಸಿ, ಮತ್ತೆ ಬಿಗಿಯುತ್ತಿದ್ದರು. ಹನ್ನೆರಡು ಆಯುಧಪೂಜೆಯ ಬಣ್ಣ ಅಲ್ಲಿ ಪದರ ಪದರವಾಗಿ ಕೂತಿತ್ತು. ಊರಿನ ಭೂಮಿಯನ್ನೆಲ್ಲ ನಾಲಾಯಕ್ಕು ಅಂದವರ ಕಾರಿಗೆ ಬೇಕಿದ್ದದ್ದು ಅಂಗೈಯಗಲದ ಅರ್ತ್!

ಶಿಷ್ಯ ತಲೆ ತಗ್ಗಿಸಿ ಬಣ್ಣ ಉಜ್ಜುತ್ತ ಹೇಳಿದ. “ಬಣ್ಣದೊಳಗೆ ಕರೆಂಟ್ ಹರಿಯಾಕಿಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು ಸಾ. ಅದೊಂದು ಮಾತ್ರ ನಂಗೆ ಇನ್ನೂ ಗ್ಯಾಪ್ಕ ಐತೆ.”

ಮಾವ ಸಿಟ್ಟಾಗಲಿಲ್ಲ. ಅವನ ಬೆನ್ನು ತಟ್ಟಿ, ಅಂದು ಇನ್ನೂ ಎರಡು ಮಾರ್ಕು ಕೊಡಬಹುದಿತ್ತು ಎಂದರು.

ಅದೇ ವಾರ ಅತ್ತೆಯನ್ನು ಅರಸೀಕೆರೆಯ ಮಂಡಿ ಡಾಕ್ಟರಿಗೆ ತೋರಿಸಲು ಹೋದೆವು. ಮೊದಲಾಗಿದ್ದರೆ ಮಾವ ಇಳಿಜಾರು ಹುಡುಕಿ ಎಲ್ಲೋ ನಿಲ್ಲಿಸಿ, ಅತ್ತೆಯನ್ನು ಮೈಲಿಗಟ್ಟಲೆ ನಡೆಸುತ್ತಿದ್ದರು. ಅಂದು ಆಸ್ಪತ್ರೆಯ ಬಾಗಿಲಿಗೇ, ಅಂಗೈಯಂಥ ಚಪ್ಪಟೆ ಜಾಗದಲ್ಲಿ ಕಾರು ನಿಂತಿತು. ಅತ್ತೆ ಇಳಿಯುವಾಗ ನೋಡಿದರೆ ಕಾಲ ಬಳಿ ಕಲ್ಲು! ಅಭ್ಯಾಸಬಲದಿಂದ ತಂದುಬಿಟ್ಟಿದ್ದರು. ಮಾವ ಅದನ್ನು ಇಸಿದುಕೊಂಡು ಹೋಗಿ ಚಕ್ರಕ್ಕೆ ಕೊಟ್ಟು ಬಂದರು. ಅಲ್ಲಿ ಕಲ್ಲಿನ ಅಗತ್ಯವೇ ಇರಲಿಲ್ಲ.

ಡಾಕ್ಟರು ಇನ್ನು ಬಗ್ಗಲೇಬಾರದು ಎಂದರು. ಹೊರಗೆ ಬಂದು ಮಾವ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಕಾರಿನ ಮುಂದೆ ಹೋಗಿ ನಿಂತರು. ಅತ್ತೆಗೆ ಅರ್ಥವಾಯಿತು. ಗಾಜು ಇಳಿಸಿ, ನಾಚುತ್ತ, ಮೆಲ್ಲಗೆ ಅಂದರು.

“ಕಲ್ಲು ತೆಗೀರಿ.”

ಮಾವ ಬಗ್ಗಿದರು. ಅವರ ಮಂಡಿಯೂ ಲಟಕ್ಕೆಂದದ್ದು ನನಗೆ ಕೇಳಿಸಿತು. ಕಲ್ಲನ್ನು ಎದೆಗವುಚಿಕೊಂಡು ನಿಧಾನವಾಗಿ ಎದ್ದು ನಿಂತು ಹೇಳಿದರು.

“ತೆಗ್ದೆ ಕಣೇ.”