ಮೊಸರಿನ ಬೋಗುಣಿಗೆ ಗುಬ್ಬಿ ಬಂದದ್ದು

ನಾನು ಸರ್ವೇಯರ್. ಕುಷ್ಟಗಿ ಸುತ್ತಮುತ್ತ ಯಾರ ಹೊಲದ ಬಾಂದಗಲ್ಲು ಎಲ್ಲೈತಿ ಅಂತ ಕಣ್ಮುಚ್ಚಿ ಹೇಳ್ತೀನಿ. ಆದ್ರ ನನ್ನ ಹಿತ್ತಲದಾಗ ಗುಬ್ಬಿಗೆ ಕಾಳಿಡಾಕ ಜಾಗ ಹುಡುಕಾಕ ಹೋದ್ರ ದಿನಕ್ಕೊಂದು ಫಜೀತಿ! ಹೆಂಡ್ತಿ ಮೊಸರು ಹೆಪ್ಪು ಹಾಕೋ ಮಣ್ಣಿನ ಬೋಗುಣಿ ಇಸ್ಕೊಂಡು, ಜೋಳ, ಸಜ್ಜಿ ತುಂಬಿ ತಯಾರಾದೆ. ಆಕಿ ಒಂದೇ ಮಾತು ಹೇಳಿದ್ಲು: "ಐತ್ವಾರದೊಳಗ ಒಂದಾದ್ರೂ ಗುಬ್ಬಿ ಇದರಾಗಿನ ಕಾಳು ತಿನ್ಬೇಕು. ಇಲ್ಲಂದ್ರ ನನ್ನ ಬೋಗುಣಿ ನನಗ ವಾಪಸ್." ನನಗೂ ಹಟ ಬಂತು.

೧. ಕಾಂಪೌಂಡ್ ಗ್ವಾಡಿ

ಮೊದಲು ಕಾಂಪೌಂಡ್ ಗ್ವಾಡಿ ಮ್ಯಾಲೆ ಇಟ್ಟೆ. ಸಂಜಿಗೆ ನೋಡಿದ್ರ ಬೋಗುಣಿ ಖಾಲಿ! ಆದ್ರ ತಿಂದದ್ದು ಯಾರು ಅಂತ ಇಬ್ಬರೂ ನೋಡಿರಲಿಲ್ಲ. ಮರುದಿನಾನೂ ಹಂಗ ಆತು. ಮೂರನೇ ದಿನ ಆಫೀಸಿನ ಗಡಿಬಿಡ್ಯಾಗ ಕಾಳು ಹಾಕೋದು ಮರೆತೆ. ಸಂಜಿಗೆ ಬಾಜೂ ಮನಿ ಅಕ್ಕಾರು ಗ್ವಾಡಿ ಮ್ಯಾಲಿಂದ ಇಣುಕಿದ್ರು.

"ಸಾಹೇಬ್ರ, ಇವತ್ತು ಕಾಳು ಹಾಕಿಲ್ಲೇನ್ರಿ?"

"ಇಲ್ರೀ ಅಕ್ಕಾರ, ಯಾಕ್ರಿ?"

"ಅದಕ್ಕ ನೋಡ್ರಿ, ನಮ್ಮ ಕೋಳಿ ತತ್ತಿ ಇಟ್ಟಿಲ್ಲ."

೨. ಮಾಳಿಗಿ

ಕೋಳಿ ಹತ್ತದ ಜಾಗ ಅಂದ್ರ ಮಾಳಿಗಿ. ಅಲ್ಲಿ ನೀರಿನ ಟಾಕಿ ಪಕ್ಕ ಬೋಗುಣಿ ಇಟ್ಟೆ. ಗುಬ್ಬಿ ಬಂದ್ವು, ಖರೇನ ಬಂದ್ವು, ಹಿಂಡಿಗೆ ಹಿಂಡು ಬಂದ್ವು! ನನ್ನ ಬೋಗುಣಿ ಕಡೆ ಹೊಳ್ಳಿ ಸುದ್ದಾ ನೋಡ್ಲಿಲ್ಲ. ಹೆಂಡ್ತಿ ಸೀರಿ ಮ್ಯಾಲೆ ಒಣಗಾಕ ಹಾಕಿದ್ದ ಸಂಡಿಗಿ ಕುಕ್ಕಿ ಕುಕ್ಕಿ ತಿಂದು ಹೋದ್ವು. ಮುಗೀತು ನನ್ನ ಕಥಿ ಅನ್ಕೊಂಡೆ. ಆಕಿ ನೋಡಿದ್ರ ನಗಾಕತ್ತಿದ್ಲು.

"ಲಗ್ನಾಗಿ ಇಪ್ಪತ್ತು ವರ್ಷಾತು, ನನ್ನ ಸಂಡಿಗಿ ಛಲೋ ಅದಾವು ಅಂತ ನೀವು ಒಂದಿನ ಅಂದಿಲ್ಲ. ಗುಬ್ಬಿಗಾದ್ರೂ ತಿಳೀತು!"

೩. ನಿಂಬಿ ಗಿಡ

ಶನಿವಾರ ಹನುಮಸಾಗರದಿಂದ ನಮ್ಮ ಮಾವ, ಅಂದ್ರ ಹೆಂಡ್ತಿ ಅಪ್ಪ, ಬಂದ್ರು. ನನ್ನ ಸಂಕಟ ಕೇಳಿ ಮೀಸಿ ತಿರುವಿದ್ರು.

"ಅಳಿಯಂದ್ರ, ಹಕ್ಕಿ ಎಲ್ಲಿ ಬರ್ತಾವು ಅನ್ನೋದು ನನ್ನ ಕೇಳ್ರಿ. ನಲವತ್ತು ವರ್ಷ ಜ್ವಾಳದ ಹೊಲದಾಗ ಅಟ್ಟಣಿಗಿ ಮ್ಯಾಲೆ ನಿಂತು, ಕವಣಿ ಬೀಸಿ ಹಕ್ಕಿ ಓಡ್ಸೇನಿ."

ಹಿತ್ತಲ ತುಂಬ ಅಡ್ಡಾಡಿ ನಿಂಬಿ ಗಿಡ ಆರಿಸಿದ್ರು. "ಮುಳ್ಳಿಗೆ ಹೆದರಿ ಬೆಕ್ಕು ಬರಂಗಿಲ್ಲ. ಗುಬ್ಬಿಗೆ ಅಡಗಾಕ ಆಸರ ಐತಿ." ಅಬಬಬ, ಎಂಥಾ ತಲಿ! ಅವರ ಕಾಲಿಗೆ ಬೀಳೋದೊಂದು ಬಾಕಿ. ಕೂಡ್ಲೇ ಹಗ್ಗ ಕಟ್ಟಿ ಬೋಗುಣಿ ಟೊಂಗಿಗೆ ತೂಗಹಾಕಿದೆ.

ಐತ್ವಾರ ಮುಂಜಾನೆ ಮಾವ ಚಾ ಕುಡಿದು ಹಿತ್ತಲ ಕಟ್ಟಿ ಮ್ಯಾಲೆ ಕುಂತಲ್ಲೇ ತೂಕಡಿಸಾಕತ್ತಿದ್ರು. ನಾನು, ಹೆಂಡ್ತಿ ಕಿಟಕ್ಯಾಗ ಉಸಿರು ಬಿಗಿಹಿಡಿದು ನಿಂತಿದ್ವಿ. ಒಂದು ಗುಬ್ಬಿ ನಿಂಬಿ ಟೊಂಗಿಗೆ ಬಂತು. ಅತ್ತಿತ್ತ ನೋಡ್ತು. ಬೋಗುಣಿ ಅಂಚಿನ ಮ್ಯಾಲೆ ಕುಂತು ಚಿಂವ್ ಅಂತು. ಇನ್ನೇನು ಕಾಳಿಗೆ ಬಾಯಿ ಹಾಕಬೇಕು...

"ಹೋಽಽಯ್!"

ಮಾವ ನಿದ್ದಿಗಣ್ಣಾಗ ಎದ್ದು ನಿಂತಿದ್ರು. ಹೆಗಲ ಮ್ಯಾಲಿನ ಟವಲಿನಾಗ ಕಲ್ಲಿಟ್ಟು, ಗಿರ್ರನ ತಿರುಗಿಸಿ ಬೀಸಿಯೇ ಬಿಟ್ರು. ಗುಬ್ಬಿ ಪುರ್ರಂತ ಹಾರಿತು. ಬೋಗುಣಿ ನಾಕು ಚೂರಾತು.

ಹೆಂಡ್ತಿ ಹಣಿ ಹಣಿ ಬಡಕೊಂಡ್ಲು. ನನಗ ಅಳಬೇಕೋ ನಗಬೇಕೋ ತಿಳೀಲಿಲ್ಲ. ಮಾವ ಮಾತ್ರ ಎದಿ ಸೆಟೆಸಿ ನನ್ನ ಕಡೆ ತಿರುಗಿದ್ರು:

"ಒಂದ ಒಂದು ಕಾಳು ಮುಟ್ಟಗೊಡಲಿಲ್ಲ ನೋಡ್ರಿ, ಅಳಿಯಂದ್ರ!"